ಏಳು ಮನೆಯ ತಾಳ

ಎಂಟು ಚೌಕಗಳೊಳಗೆ ತಾಳದ ಏಳು ಮಾತ್ರೆ ಕೂರಿಸಿದರೆ ಒಂದು ಚೌಕ ಉಳಿದುಹೋಗುತ್ತದೆ. ಉಳಿದದ್ದನ್ನು ಒಯ್ದು ಎಲ್ಲಿಡುವುದು? ಅಥವಾ ತಪ್ಪು ತನ್ನದೇ ಏನೋ. ಐದನೆಯ ಆರನೆಯ ಇಯತ್ತೆಯ ಮಕ್ಕಳಿಗೆ ಎಂಟು ಸಾಕಲ್ಲವೆ, ಏಳರ ಹಟ ಯಾಕೆ? ಗುಂಡಿ ಒತ್ತಿದ ಕೂಡಲೇ ಇಡೀ ವಾದ್ಯಮೇಳ ಮೊಳಗುತ್ತದೆಂದರೆ ಯಾವ ಹುಡುಗ ಒಲ್ಲೆ ಎಂದಾನು? ಎಲ್ಲರೂ ಖುಷಿಪಡುವಾಗ ತಾನೊಬ್ಬ ಗೋಡೆಗೆ ಒರಗಿ ನಿಂತು, ಇದು ಸಂಗೀತವಲ್ಲ ಎಂದುಕೊಂಡರೆ ಅದು ತಿಳಿವಳಿಕೆಯೋ, ಬರೀ ಸೊಕ್ಕೋ?

ಶಿಗ್ಗಾಂವಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ ಜಾಹೀದನ ತಲೆಯಲ್ಲಿ ಇದೇ ತಿರುಗುತ್ತಿತ್ತು. ಒಂದು ಕೈ ಕಂಬಿಯ ಮೇಲಿತ್ತು. ಇನ್ನೊಂದು ಕೈಯ ಬೆರಳುಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ತಾವೇ ಎಣಿಸುತ್ತಿದ್ದವು. ಮೂರು, ಎರಡು, ಎರಡು. ಮೂರು, ಎರಡು, ಎರಡು. ಬಸ್ಸು ತಗ್ಗಿಗೆ ಬಿದ್ದು ಎದ್ದಾಗಲೂ ಎಣಿಕೆ ತಪ್ಪಲಿಲ್ಲ.

ಹುಲಗೂರಿನ ಆಚೆಗಿನ ಸಣ್ಣ ಹಳ್ಳಿಯೊಂದರ ಸರಕಾರಿ ಶಾಲೆಯಲ್ಲಿ ಅವನು ಅತಿಥಿ ಶಿಕ್ಷಕ. ಹುಟ್ಟಿದ್ದೂ ಅದೇ ಹಳ್ಳಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ತೆಗೆದುಕೊಂಡು ಬಂದವನು. ಮಾತು ಕಡಿಮೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಮ್ಮೆಲೇ ಮಾತಾಡಿ ಒಮ್ಮೆಲೇ ಸುಮ್ಮನಾಗುವ ಗಳಿಗೆ ಇರುತ್ತದಲ್ಲ, ಅವನಿಗೆ ಇಡೀ ದಿನದಲ್ಲಿ ಹಿಡಿಸುತ್ತಿದ್ದುದು ಆ ಗಳಿಗೆ ಒಂದೇ.

ಎಲ್ಲ ಶುರುವಾಗಿದ್ದು ಕಳೆದ ಶನಿವಾರ. ಹುಬ್ಬಳ್ಳಿಯ ಒಂದು ಬ್ಯಾಂಕಿನವರು ತಾವು ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ಶಾಲೆಗೆ ಕೊಟ್ಟಿದ್ದರು. ಶಾಲೆಯಲ್ಲಿ ಹಾರ್ಮೋನಿಯಂ ಪೇಟಿ ಇಲ್ಲ, ತಬಲಾ ಇಲ್ಲ. ಇವುಗಳ ಮೇಲೆಯೇ ಮಕ್ಕಳಿಗೆ ಸಂಗೀತ ಕಲಿಸಿದರೆ ಹೇಗೆ ಎಂದು ಹೆಡ್ ಮಿಸ್ಟ್ರೆಸ್ ಶೀಲಾ ಟೀಚರ್ ಯೋಚಿಸಿದರು. ಸುದ್ದಿ ಹೇಗೆ ಹೋಯಿತೋ, ಶಾಹಬಾಜ ಎಂಬ ಇಸ್ತ್ರಿ ಅಂಗಿಯ ಮನುಷ್ಯ ಹುಬ್ಬಳ್ಳಿಯಿಂದ ಲ್ಯಾಪ್‌ಟಾಪ್ ಹೊತ್ತು ಬಂದುಬಿಟ್ಟ. ಅವನ ಕಂಪನಿಯ ತಂತ್ರಾಂಶದಲ್ಲಿ ನವಿಲು ಕುಣಿಯುತ್ತಿತ್ತು, ಬಣ್ಣದ ಬಲೂನು ಏರುತ್ತಿದ್ದವು.

"ನೋಡ್ರಿ ಯಜಮಾನ್ರ, ಇದನ್ನ ಒತ್ತಿದ್ರ ಡೋಲು, ಇದನ್ನ ಒತ್ತಿದ್ರ ಕೊಳಲು. ಹುಡುಗೂರು ಏನೂ ಕಲೀಬೇಕಾಗಿಲ್ಲ," ಎಂದ ಶಾಹಬಾಜ.

"ಏನೂ ಕಲೀಬೇಕಾಗಿಲ್ಲಂದ್ರ ಸಾಲಿಗೆ ಯಾಕ ಬರ್ತಾರ್ರಿ ಅವರು?" ಎಂದರು ಶೀಲಾ ಟೀಚರ್.

ಶಾಲೆಯ ಸಮಿತಿಯ ಅಧ್ಯಕ್ಷ ಹೊಳಬಸಪ್ಪ ಗಹಗಹಿಸಿ ನಕ್ಕ. ಊರಿನ ಭಜನಾ ಮೇಳಕ್ಕೂ ಅವನೇ ಮುಂದಾಳು. ಅವನ ಗಂಟಲಿಗೆ ಮೈಕು ಹಿಡಿಯುವುದೇ ದಂಡ. "ಬಿಡ್ರಿ ಟೀಚರ. ನಮ್ಮ ಮೇಳದಾಗ ಇಷ್ಟು ಮಂದಿ ಕುಂತು ಮಾಡೂದನ್ನ ಇದು ಒಂದ ಮಾಡ್ತೈತಿ. ಮ್ಯಾಲ ಚಾ ಸೈತ ಕೇಳಂಗಿಲ್ಲ!"

ಮೂಲೆಯಲ್ಲಿ ನಿಂತಿದ್ದ ಜಾಹೀದ ಆಗ ಬಾಯಿ ತೆರೆದ. "ಇದರಾಗ ರೂಪಕ ತಾಳ ಬರ್ತೈತೇನ್ರಿ?"

"ಎಲ್ಲಾ ಬರ್ತೈತ್ರಿ ಸರ್," ಎಂದು ಶಾಹಬಾಜ ಹುಡುಕಿದ. ನಾಲ್ಕು ಚೌಕದ್ದಿತ್ತು, ಎಂಟು ಚೌಕದ್ದಿತ್ತು. ಏಳಿರಲಿಲ್ಲ. ಜೊತೆಗೆ, ಯಾವ ತಾಳ ಒತ್ತಿದರೂ ಮೊದಲ ಮಾತ್ರೆಯ ಮೇಲೆ ಧಡ್ ಎಂದು ಒಂದು ಭಾರದ ಪೆಟ್ಟು ಬೀಳುತ್ತಿತ್ತು. ಅದನ್ನು ತೆಗೆಯಲು ಬರುತ್ತಿರಲಿಲ್ಲ.

"ಏಳು ಯಾರಿಗೆ ಬೇಕಾಗೇತ್ರಿ ಸರ್? ಮದುವಿ ಮೆರವಣಿಗಿಗೆ ನಾಲ್ಕು ಸಾಕು."

ಬೇಕಾಗಿತ್ತು. ಆ ಊರಿನ ಮಠದಲ್ಲಿ ಸೋಮವಾರ ಹಾಡುವ ಪದಗಳಲ್ಲಿ ಬಹುಪಾಲು ರೂಪಕದವು. ಏಳು ಮಾತ್ರೆಯ ಆ ತಾಳದಲ್ಲಿ ಮೊದಲ ಮೂರು ಮಾತ್ರೆ ಹಗುರ. ಬಲಗೈಯ ತಬಲಾ ಮಾತ್ರ ನುಡಿಯುತ್ತದೆ, ಎಡಗೈಯ ಡಗ್ಗಾ ಬಾಯಿ ಮುಚ್ಚಿಕೊಂಡಿರುತ್ತದೆ. ಕೈಯಲ್ಲಿ ತಾಳ ಹಾಕುವವರು ಅಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಅಂಗೈಯನ್ನು ಗಾಳಿಯಲ್ಲಿ ಬೀಸುತ್ತಾರೆ. ಆ ಬೀಸುವಿಕೆಯ ಹೆಸರು ಖಾಲಿ. ಬೇರೆ ತಾಳಗಳು ಪೆಟ್ಟಿನಿಂದ ಹುಟ್ಟಿದರೆ ಇದು ಖಾಲಿಯಿಂದ ಹುಟ್ಟುತ್ತದೆ. ತೊಟ್ಟಿಲಲ್ಲಿ ಮಲಗಿ ಅದನ್ನು ಕೇಳುತ್ತ ಬೆಳೆದ ಮಕ್ಕಳಿಗೆ ಅದನ್ನೇ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಲಿಸುವುದೇ?

ಆದರೂ ಜಾಹೀದ ಸುಮ್ಮನಿರುತ್ತಿದ್ದನೋ ಏನೋ. ಅವನನ್ನು ಎಬ್ಬಿಸಿದ್ದು ಬೇರೆ ಮಾತು. ಆ ತಂತ್ರಾಂಶಕ್ಕೆ ಮಗುವಿಗೆ ಇಷ್ಟು ಎಂದು ವರ್ಷವರ್ಷವೂ ಹಣ ಕಟ್ಟಬೇಕಿತ್ತು. ಕಟ್ಟಲಾಗದವರು ಏನು ಮಾಡಬೇಕು ಎಂದು ಶೀಲಾ ಟೀಚರ್ ಕೇಳಿದರು. ಶಾಹಬಾಜ ಕೆಟ್ಟ ಮನುಷ್ಯನೇನೂ ಅಲ್ಲ, ಸಹಜವಾಗಿಯೇ ಹೇಳಿದ: "ಅವರು ಹಿಂದ ಕುಂತು ನೋಡಬಹುದ್ರಿ."

ಕಿಟಕಿಯ ಸರಳು ಹಿಡಿದು ಹೊರಗಿನಿಂದ ಒಂದಿಷ್ಟು ಮಕ್ಕಳು ನವಿಲನ್ನು ನೋಡುತ್ತಿದ್ದರು. ಅವರ ನಡುವೆ ಆರನೆಯ ಇಯತ್ತೆಯ ಮದಿಹಾ ಇದ್ದಳು. ಶಾಲೆಯ ಬಿಸಿಯೂಟ ಮಾಡುವ ಖತೀಜಾಬಿಯ ಮಗಳು. ಹಿಂದೆ ಕುಳಿತು ನೋಡುವವರ ಸಾಲಿನಲ್ಲಿ ಮೊದಲ ಹೆಸರು ಯಾರದ್ದಾಗುತ್ತದೆ ಎಂದು ಜಾಹೀದನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಒಂದು ವಾರ ಕೊಡ್ರಿ," ಎಂದ. "ಪುಕ್ಕಟೆ ಸಿಗೂದು, ಇಂಟರ್ನೆಟ್ ಇಲ್ಲದ ನಡಿಯೂದು, ಹುಡುಗೂರು ತಾವ ಕೈಯಾರೆ ಮಾಡೂವಂಥಾದ್ದು, ಹುಡುಕಿ ತರ್ತೇನಿ."

"ತರಲಿಲ್ಲಂದ್ರ?" ಎಂದ ಹೊಳಬಸಪ್ಪ.

"ತರ್ತೇನ್ರಿ."

ಎಂದೂ ಮಾತಾಡದ ಹುಡುಗ ಎರಡು ಮಾತು ಆಡಿದ್ದೇ ಹೊಳಬಸಪ್ಪನಿಗೆ ತಮಾಷೆ ಅನ್ನಿಸಿತು. ತೊಡೆ ತಟ್ಟಿ ಹೇಳಿದ: "ಆತಳ. ಮುಂದಿನ ಶನಿವಾರ ನಮ್ಮ ಮೇಳಾ ಕರಕೊಂಡು ಬರ್ತೇನಿ. ನಿನ್ನ ಯಂತ್ರ ಬಾರಸ್ಲಿ, ನಾವು ಹಾಡ್ತೇವಿ. ಕೂಡಿತಂದ್ರ ನಿಂದು, ಕೂಡಲಿಲ್ಲಂದ್ರ ಈ ಹುಬ್ಬಳ್ಳಿಯವರ್ದು. ಆಮ್ಯಾಲ ಮುಖಾ ಸಣ್ಣದು ಮಾಡಬಾರದು."

ಆ ಮಾತನ್ನು ಹೊತ್ತುಕೊಂಡೇ ಅವನೀಗ ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ. ಎದುರಿಗೇ ಗೆಳೆಯ ಇಜಾಜನ ಮೊಬೈಲ್ ರಿಪೇರಿ ಅಂಗಡಿ. ಅಲ್ಲಿ ಇಂಟರ್ನೆಟ್ ಚೆನ್ನಾಗಿತ್ತು, ಕೂರಲು ಸ್ಟೂಲಿತ್ತು, ಇಜಾಜನ ಬಾಯಿಗೆ ಬಿಡುವಿರಲಿಲ್ಲ.

ಮೊದಲು ಇಳಿಸಿಕೊಂಡದ್ದು ಪುಕ್ಕಟೆಯದೇ. ತೆರೆದರೆ ಪರದೆಯ ತುಂಬ ಗುಂಡಿ, ಗಾಲಿ, ಮುಳ್ಳು. ಇಜಾಜ ಹಣಿಕಿ ನೋಡಿದ. "ಇದು ವಿಮಾನ ಹಾರಸೂ ಮಂದಿಗೆ ಮಾಡ್ಯಾರಲೇ. ನಿನ್ನ ಹುಡುಗೂರು ಇದರಾಗ ಕೈ ಹಾಕಿದ್ರ ಸೀದಾ ದುಬೈದಾಗ ಇಳೀತಾರ."

ಎರಡನೆಯದರಲ್ಲಿ ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಗಳ ಮೇಲೆ ಕರಿ ಚುಕ್ಕಿಗಳು ಇರುವೆ ಸಾಲಿನಂತೆ ಹರಿದಿದ್ದವು. ಆ ಬರಹ ಕಲಿಯಲು ಒಂದು ವರ್ಷ ಬೇಕು, ಸಂಗೀತ ಆಮೇಲೆ. ಮೂರನೆಯದು ನೋಡಲು ಸರಳ, ಚೆಂದ. ಆದರೆ ಒಂದು ತಿಂಗಳಾದ ಮೇಲೆ ತಾನಾಗಿ ಬೀಗ ಹಾಕಿಕೊಂಡು ದುಡ್ಡು ಕೇಳುವ ಜಾತಿಯದು. ಇಜಾಜನ ಮಾತಿನಲ್ಲಿ, ಹುಡುಗೂರಿಗೆ ಪೆಪ್ಪರಮಿಂಟು ತೋರಿಸಿ ಕಿಸೆಗೆ ಹಾಕಿಕೊಳ್ಳುವ ಮಾವನಂಥದು. ಜಾಹೀದ ಅದನ್ನು ತೆಗೆದುಹಾಕಿದ. ಶಾಹಬಾಜನ ನವಿಲು ಕಣ್ಣ ಮುಂದೆ ಒಮ್ಮೆ ಕುಣಿದು ಹೋಯಿತು. ಸ್ಟೂಲಿನಿಂದ ಮಾತ್ರ ಅವನು ಏಳಲಿಲ್ಲ.

ನಾಲ್ಕನೆಯದು ಬಡವರ ಮನೆಯ ಅಂಗಳದಂತೆ ಖಾಲಿಯಾಗಿತ್ತು. ಬೂದು ಬಣ್ಣದ ಪರದೆ, ಅಡ್ಡ ಸಾಲುಗಳು, ಸಾಲಿನ ತುಂಬ ಚೌಕಗಳು. ಒಂದೊಂದು ಸಾಲಿಗೆ ಒಂದೊಂದು ಸಪ್ಪಳ. ಚೌಕ ಒತ್ತಿದರೆ ಅದು ಕಪ್ಪಾಗುತ್ತದೆ, ಸರದಿ ಬಂದಾಗ ನುಡಿಯುತ್ತದೆ, ಒತ್ತದಿದ್ದರೆ ಸುಮ್ಮನಿರುತ್ತದೆ. ಅಷ್ಟೇ.

"ಇದೇನ್ ದೋಸ್ತ, ಹಳೇ ಕ್ಯಾಲೆಂಡರ್ ಇದ್ದಂಗ ಐತಿ!"

"ಅಂಥಾದ್ದ ಬೇಕಾಗಿತ್ತು."

ಆದರೆ ಇದರಲ್ಲೂ ಚೌಕಗಳು ಎಂಟೆಂಟೇ ಇದ್ದವು. ಬಸ್ಸಿನಲ್ಲಿ ಕಾಡಿದ ಆ ಉಳಿದ ಒಂದು ಮತ್ತೆ ಬಂದು ಎದುರು ನಿಂತಿತು. ಜಾಹೀದ ಪರದೆಯ ಮೂಲೆ ಮೂಲೆ ಹುಡುಕಿದ. ಇಜಾಜ ಎರಡು ಸಲ ಚಹಾ ತರಿಸಿದ, ಎರಡೂ ಆರಿದವು. ಕಡೆಗೆ ಬಲಗಡೆ ಮೇಲೆ, ಬೆರಳ ಉಗುರಿನಷ್ಟು ಜಾಗದಲ್ಲಿ, ಎಂಟು ಎಂಬ ಅಂಕಿ ಕಂಡಿತು. ಅದನ್ನು ಅಳಿಸಿ ಏಳು ಎಂದು ಬರೆದ. ಕೊನೆಯ ಚೌಕ ಎದ್ದು ಹೋಯಿತು. ಪಾಯ ತೆಗೆದ ಹಾಗೆ ಏನೂ ಕುಸಿಯಲಿಲ್ಲ, ಉಳಿದ ಏಳು ತಮ್ಮ ತಮ್ಮಲ್ಲಿ ತಿರುಗತೊಡಗಿದವು.

ಅವನು ಇಜಾಜನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಆ ಬೆನ್ನಿಗೆ ಅವನಿಂದ ಅದೇ ಮೊದಲ ಗುದ್ದು.

ಆ ತಂತ್ರಾಂಶ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯಿತು. ಬ್ಯಾಂಕಿನ ಮುದಿ ಕಂಪ್ಯೂಟರುಗಳು ನರಳುತ್ತಲೇ ಅದನ್ನು ಒಪ್ಪಿಕೊಂಡವು. ಅಮ್ಮಂದಿರ ಮೊಬೈಲಿನಲ್ಲೂ ಅದು ಕೂರುತ್ತಿತ್ತು. ಮರುದಿನ ಮಕ್ಕಳನ್ನು ಕೂರಿಸಿದ. ಚೌಕಕ್ಕೆ ಏನೆನ್ನಬೇಕೆಂದು ಅವನು ಹೇಳುವ ಮೊದಲೇ ಅವರು ಹೆಸರಿಟ್ಟಿದ್ದರು. ಕಟ್ಟೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಕವಡೆ ಆಡುವಾಗ ಏನೆನ್ನುತ್ತಾರೋ ಅದನ್ನೇ: ಮನಿ.

"ಸರ್, ನಾ ಎಲ್ಲಾ ಮನಿ ತುಂಬಿಸಿದೆ!"

"ನಂದೂ ತುಂಬ್ಯಾವ್ರಿ!"

ಎಲ್ಲರೂ ಎಲ್ಲ ಮನೆಗಳನ್ನೂ ತುಂಬಿದ್ದರು. ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಕೋಣೆಯಲ್ಲಿ ಗದ್ದಲವೆದ್ದಿತು. ಜಾಹೀದ ಅದು ಮುಗಿಯಲೆಂದು ಕಾದ. ಆಮೇಲೆ ಹೇಳಿದ: "ಈಗ ಒಂದೊಂದ ತಗೀರಿ. ಒಂದು ತಗದು ಕೇಳ್ರಿ, ಮತ್ತೊಂದು ತಗದು ಕೇಳ್ರಿ. ಎಲ್ಲಿ ಬಡಿಬೇಕು ಅನ್ನೂದು ಆಮ್ಯಾಲ. ಎಲ್ಲಿ ಬಡೀಬಾರದು ಅನ್ನೂದು ಮೊದಲು."

ಬಸವೇಶನೆಂಬ ತುಂಟ ಕೈ ಎತ್ತಿದ. "ಸರ್, ಎಲ್ಲಾ ತಗದಬಿಟ್ವಿ ಅಂದ್ರ ಅದು ನಿಮ್ಮಂಗ ಅಕ್ಕೈತ್ರಿ!"

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಜಾಹೀದನೂ ನಕ್ಕ. ನಗು ಅಡಗುವಷ್ಟರಲ್ಲಿ ಗದ್ದಲದೊಳಗಿಂದ ಒಂದು ನಡೆ ಮೆಲ್ಲಗೆ ಹೊರಗೆ ಬಂದಿತ್ತು. ಮದಿಹಾಳ ಕಂಪ್ಯೂಟರಿನದು. ಅವಳು ಡಗ್ಗಾಕ್ಕೆಂದು ಇಟ್ಟ ಸಾಲಿನಲ್ಲಿ ಮೊದಲ ಮೂರು ಮನೆ ಖಾಲಿ ಬಿಟ್ಟಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ, ಮಠದ ಗೋಡೆಯ ಹಿಂದೆಯೇ ಅವಳ ಮನೆ. ಆದರೂ ಅವಳ ಹುಬ್ಬು ಗಂಟಿಕ್ಕಿತ್ತು.

"ಸರ್, ನಡೆ ಬರೋಬ್ಬರಿ ಐತ್ರಿ. ಸಪ್ಪಳ ಬರೋಬ್ಬರಿ ಇಲ್ಲ. ಡಬ್ಬಿ ಬಡದಂಗ ಅಕ್ಕೈತಿ."

ನಿಜ. ಅದರಲ್ಲಿದ್ದವು ಪರದೇಶದ ಡ್ರಮ್ಮಿನ ಸಪ್ಪಳಗಳು. ನಮ್ಮದೇ ಸಪ್ಪಳ ಮುದ್ರಿಸಿ ಸಾಲಿಗೆ ಸೇರಿಸಲು ಅವಕಾಶವಿತ್ತು. ರೂಪಕಕ್ಕೆ ಬೇಕಾದದ್ದು ಮೂರೇ: ತಬಲಾದ ತಿಂ, ತಬಲಾದ ನಾ, ಡಗ್ಗಾದ ಘೇ. ತಿಂ ಮತ್ತು ಘೇ ಒಂದೇ ಮನೆಯಲ್ಲಿ ಕೂಡಿದರೆ ಧಿಂ ತಾನಾಗಿ ಆಗುತ್ತದೆ. ಅವು ಎಲ್ಲಿವೆ ಎಂದೂ ಜಾಹೀದನಿಗೆ ಗೊತ್ತಿತ್ತು. ಅವನ ಮನೆಯ ಅಟ್ಟದ ಮೇಲೆ, ಅಪ್ಪನ ತಬಲಾ ಗಂಟಿನಲ್ಲಿ.

ಅಪ್ಪ ಅಲ್ಲಾಭಕ್ಷ ಗಾದಿ ಹೊಲಿಯುವವನು. ಹಗಲು ಅರಳೆ, ಸೋಮವಾರ ಸಂಜೆ ಮಠದಲ್ಲಿ ಹೊಳಬಸಪ್ಪನ ಮೇಳಕ್ಕೆ ತಬಲಾ, ಉರುಸಿನಲ್ಲಿ ಹುಲಗೂರಿನ ದರ್ಗಾದ ಮುಂದೆ ಕವ್ವಾಲಿಗೆ ತಬಲಾ. ಎರಡು ವರ್ಷದ ಕೆಳಗೆ ಬಲಗೈ ನಡುಗಲು ಶುರುವಾಯಿತು. ಒಂದು ಸೋಮವಾರ ನಡುಹಾಡಿನಲ್ಲಿ ಬೆರಳು ಜಾರಿತು. ಯಾರೂ ಏನೂ ಅನ್ನಲಿಲ್ಲ. ಅಲ್ಲಾಭಕ್ಷ ಹಾಡು ಮುಗಿಸಿ, ತಬಲಾ ಗಂಟು ಕಟ್ಟಿಕೊಂಡು ಮನೆಗೆ ಬಂದವನು ಮತ್ತೆ ಮಠದ ಮೆಟ್ಟಿಲು ಹತ್ತಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಬಂದು ಊಟಕ್ಕೆ ಕುಳಿತಾಗ ಜಾಹೀದ ಹೇಳಿದ: "ಅಪ್ಪಾ, ಮೂರು ಸಪ್ಪಳ ಬೇಕಾಗ್ಯಾವ."

"ಯಾರಿಗೆ?"

"ಸಾಲಿಗೆ."

"ಸಾಲಿಗೋ, ಆ ಯಂತ್ರಕ್ಕೋ?"

"ಯಂತ್ರದಾಗ ಇಟ್ಟು ಹುಡುಗೂರು ಬಾರಸ್ತಾರ."

ಅಲ್ಲಾಭಕ್ಷ ರೊಟ್ಟಿ ಮುರಿದ. ಮುರಿಯುವಾಗಲೂ ಬಲಗೈ ಅದುರುತ್ತಿತ್ತು. "ನನ್ನ ಕೈ ನಿನಗ ಗೊತ್ತೈತಿ."

"ಪೂರಾ ತಾಳ ಬ್ಯಾಡಪಾ. ಒಂದೊಂದ ಪೆಟ್ಟು. ಒಂದೊಂದು ಸಲ ಬರೋಬ್ಬರಿ ಬಂದ್ರ ಸಾಕು."

ಅವ್ವ ಕುಲಸುಮಬಿ ಒಲೆಯ ಮುಂದಿನಿಂದಲೇ ಅಂದಳು: "ಇಳಸ್ಕೊಂಡು ಹೋಗ್ರಿ ಅದನ್ನ. ಎರಡು ವರ್ಷ ಆತು, ಅಟ್ಟದ ಮ್ಯಾಲ ಇಲಿಗೋಳಿಗೆ ತಾಳಾ ಕಲಸಾಕತ್ತೇತಿ."

ಅಲ್ಲಾಭಕ್ಷ ನಗಲಿಲ್ಲ. ಆದರೆ ಊಟವಾದ ಮೇಲೆ ಏಣಿ ಹಚ್ಚಿದವನು ಅವನೇ.

ಸುತ್ತಿಗೆಯಿಂದ ತಟ್ಟಿ ತಟ್ಟಿ ಶ್ರುತಿಗೆ ತರಲು ಬಹಳ ಹೊತ್ತು ಹಿಡಿಯಿತು. ಡಗ್ಗಾ ಎಡಗೈಯದು, ಮೊದಲ ಪೆಟ್ಟಿಗೇ ಬಾವಿಯೊಳಗಿಂದ ಓಗೊಟ್ಟ ಹಾಗೆ ಘೇ ಎದ್ದಿತು. ತಿಂ ಕೆಲವು ಪೆಟ್ಟುಗಳಾದ ಮೇಲೆ ಒಲಿಯಿತು. ನಾ ಒಲಿಯಲಿಲ್ಲ. ಅದನ್ನು ತೋರುಬೆರಳಿನಿಂದ ಅಂಚಿಗೆ ಹೊಡೆದು ಥಟ್ಟನೆ ಬೆರಳು ಎತ್ತಬೇಕು. ಅಲ್ಲಾಭಕ್ಷ ಹೊಡೆಯುತ್ತಿದ್ದ, ಎತ್ತುತ್ತಿದ್ದ. ಎತ್ತಿದ ಬೆರಳು ನಡುಗಿ ಇನ್ನೊಮ್ಮೆ ಚರ್ಮಕ್ಕೆ ತಾಗುತ್ತಿತ್ತು. ನಾ, ಹಿಂದೆಯೇ ಒಂದು ಸಣ್ಣ ಟಕ್. ನಾ, ಟಕ್. ಹಣೆಯ ಮೇಲೆ ಬೆವರು ಮೂಡಿತು. ಮಗ ಮೊಬೈಲನ್ನು ಹತ್ತಿರ ಹಿಡಿದು ಪ್ರತಿ ಪೆಟ್ಟನ್ನೂ ಮುದ್ರಿಸಿಕೊಳ್ಳುತ್ತಿದ್ದ. ಬೀದಿಯಲ್ಲಿ ಆಡುವ ಹುಡುಗರ ಕೂಗು ದೂರದಿಂದ ಕೇಳುತ್ತಿತ್ತು.

"ಬಂತೇನು?" ಎಂದು ಕೇಳಿದ ಕಡೆಗೆ, ಮಗನ ಮುಖ ನೋಡದೆ.

"ಬಂತು."

"ಖರೇನ?"

"ಖರೇನ."

"ಕೇಳಸು ಹಂಗಾರ."

"ಮೊಬೈಲಿಂದು ಚಾರ್ಜ್ ಹೋಗೇತಿ. ನಾಳೆ ಸಾಲ್ಯಾಗ ಕೇಳೀಯಂತ ಬಾ."

ಹೊತ್ತು ಮುಳುಗುವ ಮೊದಲು ಜಾಹೀದ ಶಾಲೆಯ ಬೀಗ ತೆಗೆದು ಒಬ್ಬನೇ ಕುಳಿತ. ಪರದೆಯ ಮೇಲೆ ಸಪ್ಪಳವನ್ನು ಹಿಗ್ಗಿಸಿ ನೋಡಿದರೆ ಒಂದು ಗುಡ್ಡ, ಅದರ ಇಳಿಜಾರಿನಲ್ಲಿ ಒಂದು ಸಣ್ಣ ದಿಬ್ಬ. ಯಾವುದನ್ನು ತೆಗೆದುಕೊಂಡರೂ ದಿಬ್ಬ ತಪ್ಪಿರಲಿಲ್ಲ. ಏಳು ಮನೆಗಳಲ್ಲಿ ನಾ ಮೂರು ಸಲ ಬರುತ್ತದೆ. ಸುತ್ತು ಸುತ್ತಿಗೂ ಆ ಟಕ್ ಮೂರು ಸಲ ಕೇಳಿಸುತ್ತದೆ, ಊರ ಮುಂದೆ, ಹೊಳಬಸಪ್ಪನ ಮುಂದೆ. ಅಪ್ಪನ ಕೈ ನಡುಗುವುದೂ ಆ ಕೈಯ ಸತ್ಯವೇ ಅಲ್ಲವೆ ಎನ್ನಿಸಿತು. ಆ ಕೈ ಇಷ್ಟು ಕಾಲ ನುಡಿಸಿದ್ದೂ ಸತ್ಯವೇ ಎಂದೂ ಅನ್ನಿಸಿತು. ದಿಬ್ಬದ ಎರಡೂ ಮಗ್ಗುಲು ಗುರುತು ಹಾಕಿದ, ಕತ್ತರಿಸಿದ. ಸೀಳಿದ ಜಾಗಕ್ಕೆ ಇನ್ನೊಂದು ಪೆಟ್ಟಿನ ಬಾಲ ತಂದು ಜೋಡಿಸಿದ. ಒತ್ತಿದ.

ನಾ.

ಮಠದ ಕಂಬಕ್ಕೆ ಒರಗಿ ಕೇಳುತ್ತಿದ್ದ ಆ ನಾ.

ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಮೇಳದವರು ಕಂಚಿನ ತಾಳ, ಪೇಟಿ ಹಿಡಿದು ಬಂದರು. ಶಾಹಬಾಜ ತನ್ನ ಬ್ಯಾಗಿನೊಂದಿಗೆ ಬಂದ. ಶೀಲಾ ಟೀಚರ್ ಜಮಖಾನೆ ಹಾಸಿಸಿದರು. ಇಜಾಜನ ಅಂಗಡಿಯ ಸ್ಪೀಕರು ಮೇಜಿನ ಮೇಲಿತ್ತು, ಅದರ ಮುಂದೆ ಮದಿಹಾ. ಎಲ್ಲರೂ ಕುಳಿತಾದ ಮೇಲೆ ಬಾಗಿಲಲ್ಲಿ ಅಲ್ಲಾಭಕ್ಷ ಕಾಣಿಸಿದ.

"ಏ ಅಲ್ಲಾಭಕ್ಷ, ಒಳಗ ಬಾರೋ!" ಎಂದ ಹೊಳಬಸಪ್ಪ. "ಎರಡು ವರ್ಷ ಆತು ಮುಖಾ ತೋರಸಲಾರದ."

"ಮುಖಾ ಐತಿ. ಕೈ ಇಲ್ಲ."

"ಹಾಡಾವ್ರು ನಾವು. ನಿನ್ನ ಕೈ ತಗೊಂಡು ಏನ್ ಮಾಡೂನು? ಕುಂದ್ರು."

ಅಲ್ಲಾಭಕ್ಷ ಬಾಗಿಲ ಪಕ್ಕದಲ್ಲೇ ಕುಳಿತ. ಮದಿಹಾ ಗುಂಡಿ ಒತ್ತಿದಳು. ತಿಂ ತಿಂ ನಾ, ಧಿಂ ನಾ, ಧಿಂ ನಾ. ಅಲ್ಲಾಭಕ್ಷನ ತಲೆ ಮೇಲೆದ್ದಿತು. ಪೇಟಿ ಸೇರಿತು, ತಾಳ ಸೇರಿತು, ಹೊಳಬಸಪ್ಪ ಕಣ್ಣು ಮುಚ್ಚಿ ಪದ ಎತ್ತಿದ. ಮೊದಲ ನುಡಿ ಹಾಲಿನಂತೆ ಹರಿಯಿತು. ಶೀಲಾ ಟೀಚರ್ ಜಾಹೀದನ ಕಡೆ ನೋಡಿ ನಕ್ಕರು.

ಎರಡನೆಯ ನುಡಿಗೆ ಎಲ್ಲ ಕೆಟ್ಟಿತು.

ಆ ಕಡೆಯ ಭಜನೆಯಲ್ಲಿ ನುಡಿಯಿಂದ ನುಡಿಗೆ ಲಯ ಏರುತ್ತದೆ. ಕೂತು ಶುರು ಮಾಡಿದವರು ಕೊನೆಯ ನುಡಿಗೆ ಎದ್ದು ನಿಂತಿರುತ್ತಾರೆ. ಹೊಳಬಸಪ್ಪ ಏರಿಸಿದ, ಮೇಳ ಏರಿತು. ಕಂಪ್ಯೂಟರು ಮಾತ್ರ ಗೋಡೆಯ ಗಡಿಯಾರದಂತೆ ತನ್ನ ಪಾಡಿಗೆ ತಾನು ಹೊರಟಿತ್ತು. ತಾಳ ಒಂದು ಕಡೆ, ಧಿಂ ಇನ್ನೊಂದು ಕಡೆ. ನಡುವೆ ಪೇಟಿಯವನು ದಿಕ್ಕು ತಪ್ಪಿ ಕೈ ಎತ್ತಿಬಿಟ್ಟ. ಬಸವೇಶ ಕಿಸಕ್ಕನೆ ನಕ್ಕ.

"ನಾ ಮೊದಲ ಹೇಳಿದ್ನೆಲ್ರಿ," ಎಂದ ಶಾಹಬಾಜ, ಮೆಲ್ಲಗೆ.

"ನಿನ್ನ ಯಂತ್ರಕ್ಕ ಉಸುರಿಲ್ಲೋ ತಮ್ಮಾ," ಎಂದ ಹೊಳಬಸಪ್ಪ.

ಜಾಹೀದನಿಗೆ ತನ್ನ ತಪ್ಪು ಹೊಳೆಯಿತು. ಏಳು ಹುಡುಕಿದ, ಖಾಲಿ ಹುಡುಕಿದ, ಸಪ್ಪಳ ಹುಡುಕಿದ, ಏರು ಮರೆತುಹೋಗಿತ್ತು. ಹೊರಗಿನವನಾಗಿದ್ದರೆ ಕೇಳಿಯಾದರೂ ತಿಳಿದುಕೊಳ್ಳುತ್ತಿದ್ದ. ಇಲ್ಲಿ ಅದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿಕೊಟ್ಟದ್ದಿಲ್ಲ. ಅದು ಇದ್ದೇ ಇರುತ್ತದೆ. ಇದ್ದೇ ಇರುತ್ತದೆಂದೇ ಅವನು ಮರೆತಿದ್ದ.

ಶಾಹಬಾಜ ಬ್ಯಾಗಿನ ಜಿಪ್ಪು ಎಳೆದ. ಕಿಟಕಿಯ ಹತ್ತಿರ ಖತೀಜಾಬಿ ಸೌಟು ಹಿಡಿದುಕೊಂಡೇ ನಿಂತಿದ್ದಳು. ಮದಿಹಾ ತಲೆ ತಗ್ಗಿಸಿ ಕುರ್ಚಿಯಿಂದ ಏಳಲು ನೋಡಿದಳು.

"ಕುಂದ್ರು," ಎಂದ ಜಾಹೀದ. ಆಮೇಲೆ ಮೇಳದ ಕಡೆ ತಿರುಗಿ, "ಇನ್ನೊಮ್ಮೆ ಹಾಡ್ರಿ."

"ಗಂಟಲು ಪುಕ್ಕಟೆ ಸಿಗಂಗಿಲ್ಲೋ, ನಿನ್ನ ಯಂತ್ರ ಸಿಕ್ಕಂಗ!"

"ಇನ್ನೊಮ್ಮೆ ಹಾಡ್ರಿ."

ಅವನ ದನಿ ಏರಿರಲಿಲ್ಲ. ಆದರೂ ಹೊಳಬಸಪ್ಪ ಮಾತು ನಿಲ್ಲಿಸಿದ. ಜಾಹೀದ ಬಗ್ಗಿ ಪರದೆಯ ಕೆಳಗಿನ ಸಣ್ಣ ಪಟ್ಟಿಯನ್ನು ಮದಿಹಾಳಿಗೆ ತೋರಿಸಿದ. ಅದನ್ನು ಬಲಕ್ಕೆ ಎಳೆದರೆ ವೇಗ ಏರುತ್ತದೆ, ಎಡಕ್ಕೆ ಎಳೆದರೆ ಇಳಿಯುತ್ತದೆ. "ಮೇಳಾ ಏರಿದಂಗ ನೀನೂ ಎಳೀಬೇಕು."

"ಯಾವಾಗ ಏರಸ್ತಾರಂತ ಹೆಂಗ ಗೊತ್ತಾಗತೈತ್ರಿ ಸರ್? ಏರಸಿದ ಮ್ಯಾಲ ಎಳದ್ರ ತಡಾ ಅಕ್ಕೈತಿ."

ಜಾಹೀದ ಬಾಗಿಲ ಕಡೆ ನೋಡಿದ. ಹೊಳಬಸಪ್ಪನ ಭುಜ ಒಂದಿಷ್ಟು ಮುಂದಕ್ಕೆ ಬಾಗಿದರೆ ಏರು ಬರುತ್ತದೆಂದು ಅಷ್ಟು ವರ್ಷ ಎದುರು ಕುಳಿತು ತಿಳಿದವನು ಅಲ್ಲಿದ್ದ. ಅಪ್ಪನೂ ಮಗನೂ ಒಬ್ಬರನ್ನೊಬ್ಬರು ನೋಡಿದರು. ಮಗ ಕರೆಯುವ ಮೊದಲೇ ಅಲ್ಲಾಭಕ್ಷ ಮೊಣಕಾಲಿಗೆ ಕೈ ಊರಿ ಎದ್ದು ಬಂದು, ಮದಿಹಾಳ ಎದುರು, ಮೇಳಕ್ಕೆ ಮುಖ ಕಾಣುವ ಹಾಗೆ ಓರೆಯಾಗಿ ಕುಳಿತ.

"ನನ್ನ ಕೈ ನೋಡವಾ. ಬೀಸಿದ್ರ ಖಾಲಿ, ಬಡದ್ರ ಚಪ್ಪಾಳಿ. ಕೈ ಜೋರು ಆತಂದ್ರ ನೀನೂ ಎಳಿ. ಹೆದರಬ್ಯಾಡ."

ಮತ್ತೆ ಪದ ಎದ್ದಿತು. ಅಲ್ಲಾಭಕ್ಷನ ಬಲಗೈ ಗಾಳಿಯಲ್ಲಿ ಬೀಸಿತು, ಎಡ ಅಂಗೈಯ ಮೇಲೆ ಎರಡು ಸಲ ಬಿದ್ದಿತು, ಮತ್ತೆ ಬೀಸಿತು. ಬೀಸುವ ಕೈ ನಡುಗುತ್ತದೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಎರಡನೆಯ ನುಡಿ ಹತ್ತಿರ ಬಂತು. ಹೊಳಬಸಪ್ಪನ ಭುಜ ಬಾಗುವ ಮೊದಲೇ ಆ ಕೈ ಚುರುಕಾಯಿತು. ಮದಿಹಾ ಪಟ್ಟಿ ಎಳೆದಳು, ಹೆಚ್ಚೇ ಎಳೆದಳು. ಧಿಂಗಳು ದಡದಡ ಮುಂದೆ ಓಡಿದವು, ಮಕ್ಕಳು ನಕ್ಕರು. ಅಲ್ಲಾಭಕ್ಷ ಹುಬ್ಬು ಮೇಲೆತ್ತಿ ತಲೆ ಅಲ್ಲಾಡಿಸಿದ. ಅವಳು ತುಟಿ ಕಚ್ಚಿ ಕೂದಲೆಳೆಯಷ್ಟು ಹಿಂದಕ್ಕೆ ತಂದಳು. ಸೇರಿತು.

ಮೂರನೆಯ ನುಡಿಗೆ ಅವಳು ಪರದೆ ನೋಡುವುದನ್ನೇ ಬಿಟ್ಟಳು. ಕಣ್ಣು ಆ ಕೈಯ ಮೇಲೆ, ಬೆರಳು ಪಟ್ಟಿಯ ಮೇಲೆ. ನಾಲ್ಕನೆಯದಕ್ಕೆ ಮೇಳ ಎದ್ದು ನಿಂತಿತು. ಇಜಾಜನ ಸ್ಪೀಕರು ಗರಗರ ಎನ್ನತೊಡಗಿತು, ಹಳೆಯ ಕಂಪ್ಯೂಟರಿನ ಫ್ಯಾನು ಕೂಗಿಕೊಂಡಿತು. ಆದರೆ ಸುತ್ತಿಗೊಮ್ಮೆ ಆ ಮೊದಲ ಮೂರು ಮನೆಗಳಲ್ಲಿ ಡಗ್ಗಾ ಬಾಯಿ ಮುಚ್ಚಿದಾಗ ಇಡೀ ಕೋಣೆ ಒಂದೇ ಹೆಜ್ಜೆ ಎತ್ತಿ ನಿಂತಂತೆ ಆಗುತ್ತಿತ್ತು. ಹೊಳಬಸಪ್ಪ ಕೈ ಮೇಲೆತ್ತಿ ಕಡೆಯ ಸಾಲು ಎಳೆದ. ಮದಿಹಾ ನಿಲ್ಲಿಸಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜಾಹೀದ ಆ ಸುಮ್ಮನಿರುವಿಕೆಯನ್ನು ಪೂರ್ತಿ ಕೇಳಿಸಿಕೊಂಡ.

"ಕೂಡಿತು," ಎಂದ ಹೊಳಬಸಪ್ಪ ಬೆವರು ಒರೆಸಿಕೊಳ್ಳುತ್ತ. ಶಾಹಬಾಜನ ಕಡೆ ತಿರುಗಿ, "ತಮ್ಮಾ, ಚಾ ಕುಡದ ಹೋಗಬೇಕು ಮತ್ತ."

ಶಾಹಬಾಜ ಬ್ಯಾಗಿನ ಜಿಪ್ಪು ಮುಚ್ಚಿದ. ಚಹಾ ಕುಡಿಯುವಾಗ ಜಾಹೀದನ ಹತ್ತಿರ ಸರಿದು ಕೇಳಿದ: "ಸರ್, ಖರೇನ ಪುಕ್ಕಟೇನ ಇದು? ನನ್ನ ಮಗಳ ಮೊಬೈಲಿಗೆ ಹಾಕಿಕೊಡ್ತೀರೇನ?" ಜಾಹೀದ ಹಾಕಿಕೊಟ್ಟ.

ಸೋಮವಾರದಿಂದ ಎಲ್ಲ ಮಕ್ಕಳಿಗೂ ಸಂಗೀತದ ತಾಸು ಎಂದು ಶೀಲಾ ಟೀಚರ್ ಹೇಳಿದರು. ಯಾರೂ ಹಿಂದೆ ಕೂರುವುದಿಲ್ಲ, ಕಂಪ್ಯೂಟರಿನ ಮುಂದೆ ಸರದಿಯ ಮೇಲೆ ಕೂರುತ್ತಾರೆ. ಮನೆಯಲ್ಲಿ ಮೊಬೈಲಿರುವವರು ಅದಕ್ಕೂ ಹಾಕಿಸಿಕೊಳ್ಳಲಿ. ಕಿಟಕಿಯ ಹತ್ತಿರ ಖತೀಜಾಬಿ ಸೆರಗಿನಿಂದ ತನ್ನ ಹಳೆಯ ಮೊಬೈಲು ತೆಗೆದು ಒರೆಸಿದಳು.

ಮೇಳದವರು ಚಪ್ಪಲಿ ಹಾಕಿಕೊಳ್ಳುವಾಗ ಹೊಳಬಸಪ್ಪ ಅಲ್ಲಾಭಕ್ಷನ ಭುಜ ಹಿಡಿದ. "ಆ ಯಂತ್ರದಾಗಿನ ‘ನಾ’ ಯಾರ ಕೈಯಿಂದೋ?"

"ನಂದ."

"ಹಳೇದ? ಎಂದಾರ ಮಠದಾಗ ರೆಕಾರ್ಡ್ ಮಾಡಿಟ್ಟಿದ್ದ?"

"ನಿನ್ನೆ ಹೊಡದದ್ದು."

"ನಿನ್ನೆ? ಮತ್ತ ಕೈ ಇಲ್ಲಂದೀ?"

ಅಲ್ಲಾಭಕ್ಷ ತನ್ನ ಬಲಗೈಯನ್ನು ಮಗುಚಿ ನೋಡಿದ, ಬೇರೆಯವರದು ನೋಡಿದ ಹಾಗೆ. "ಹೊಡದೆ," ಎಂದ. "ಬಂತು."

ಮನೆಯ ದಾರಿಯಲ್ಲಿ ಅಪ್ಪ ಮುಂದೆ, ಮಗ ಹಿಂದೆ. ಬಿಸಿಲು ನೆತ್ತಿಯ ಮೇಲಿತ್ತು. ಊರ ಅಗಸೆಬಾಗಿಲ ಹತ್ತಿರ ಬಂದಾಗ ಅಲ್ಲಾಭಕ್ಷ ನಿಂತ.

"ತಬಲಾ ಅಟ್ಟಕ್ಕ ಇಡಬ್ಯಾಡ."

"ಆತು."

"ಶನಿವಾರಕ್ಕೊಮ್ಮೆ ನಾನೂ ಸಾಲಿಗೆ ಬರ್ತೇನಿ. ಆ ಹುಡುಗಿ ಚಲೋ ಎಳೀತಾಳ. ಉಳಿದ ಹುಡುಗೂರಿಗೆ ಖಾಲಿ ಅಂದ್ರ ಏನಂತ ಇನ್ನೂ ಗೊತ್ತಿಲ್ಲ. ಖಾಲಿ ಬರಲಾರದ ಮನಿ ತುಂಬಿ ಏನ್ ಮಾಡ್ತೀ?"

"ಬಾರಪಾ."

ಅಲ್ಲಾಭಕ್ಷ ಮತ್ತೆ ನಡೆದ. ನಡೆಯುತ್ತ ತೋರುಬೆರಳಿನಿಂದ ಗಾಳಿಗೆ ಒಂದು ಪೆಟ್ಟು ಕೊಟ್ಟು ಥಟ್ಟನೆ ಎತ್ತಿದ. ಇನ್ನೊಂದು ಕೊಟ್ಟ. ಬೆರಳು ಅದುರುವುದು ಹಿಂದಿನಿಂದ ಬರುತ್ತಿದ್ದವನಿಗೆ ಕಾಣುತ್ತಿತ್ತು.

ಆ ‘ನಾ’ ಪೆಟ್ಟಿನ ಬಾಲದಿಂದ ಒಂದು ಸಣ್ಣ ಟಕ್ ಅನ್ನು ಕತ್ತರಿಸಿ ತೆಗೆದವನು ತಾನೆಂದು ಜಾಹೀದ ಅಪ್ಪನಿಗೆ ಎಂದೂ ಹೇಳಲಿಲ್ಲ.